ದೊಡ್ಡ ಮೀನು ನಿಮ್ಮ ಕಾಲ ಬುಡದಲ್ಲೇ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ ಶಿವಮೊಗ್ಗದ ತುಂಗಾ ಸೇತುವೆ ಮೇಲೆ ನಿಂತು ಕೆಳಗೆ ನೋಡಿ. ಏಳೆಂಟು ಹುಡುಗರು ಸಾಲಾಗಿ ನಿಂತಿರ್ತಾರೆ. ಕೈಯಲ್ಲಿ ಹೊಸ ರಾಡು, ಹೊಸ ರೀಲು. ಮಾಡೋ ಕೆಲಸ ಮಾತ್ರ ಎಲ್ಲರದ್ದೂ ಒಂದೇ. ಸೊಂಟ ತಿರುಚಿ, ರಟ್ಟೆಯಲ್ಲಿ ಶಕ್ತಿ ಇದ್ದಷ್ಟೂ ದೂರಕ್ಕೆ, ಹೊಳೆ ನಡುವಿಗೆ ಗಾಳ ಎಸೆಯೋದು. ನೋಡಿದ್ರೆ ನನಗೆ ನಗು ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ. ಅಲ್ಲಿಲ್ಲ ಕಣ್ರಪ್ಪ ದೊಡ್ಡ ಮೀನು. ನಿಮ್ಮ ಕಾಲ ಬುಡದಲ್ಲಿದೆ.

ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ ಮಾತು.

ದೊಡ್ಡ ಮೀನು ಅಂದ್ರೆ ಇಲ್ಲಿ ಮೀನು ತಿನ್ನೋ ಮೀನು. ನಮ್ಮ ತುಂಗೆಯಲ್ಲಿ ಮುಖ್ಯವಾಗಿ ಎರಡು ಅಂತ ಇಟ್ಕೊಳ್ಳಿ. ಒಂದು ಕೊರವ, ಹಾವಿನ ತಲೆಯದ್ದು. ಇನ್ನೊಂದು ಬಾಳೆ ಮೀನು. ಬಾಯಿ ಸೀಳು ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತೆ, ಉದ್ದ ಮೀಸೆ, ಬೆಳೆದ್ರೆ ಒಂದು ಮೀಟರ್ ದಾಟುತ್ತೆ. ಇವೆರಡೂ ಅಟ್ಟಿಸಿಕೊಂಡು ಓಡೋ ಜಾತಿ ಅಲ್ಲ, ಹೊಂಚು ಹಾಕೋ ಜಾತಿ. ಬೆಕ್ಕು ಇಲಿಗೋಸ್ಕರ ಹಜಾರದ ನಡುವೆ ಕೂರುತ್ತಾ? ಅಕ್ಕಿ ಮೂಟೆ ಪಕ್ಕ ಕೂರುತ್ತೆ.

ಪಟ್ಟಣದ ಹೊಳೆಯಲ್ಲಿ ಅಕ್ಕಿ ಮೂಟೆ ಯಾವುದು? ಸ್ನಾನದ ಮೆಟ್ಟಿಲು. ಜನ ಮಂಡಕ್ಕಿ ಎಸೀತಾರೆ, ಅನ್ನದ ಪಾತ್ರೆ ತೊಳೀತಾರೆ. ಅದಕ್ಕೆ ಪಕ್ಕೆ ಅನ್ನೋ ಸಣ್ಣ ಮೀನು ಮುತ್ತುತ್ತೆ. ಪಕ್ಕೆ ಮುತ್ತಿದ ಕಡೆ ಕೊರವ. ಹಾಗೇ ಸೇತುವೆ ಕಂಬದ ಕೆಳಮಗ್ಗುಲು, ನೀರು ಒಂದು ಸುತ್ತು ತಿರುಗಿ ಸುಮ್ಮನಾಗೋ ಜಾಗ. ಜೊಂಡಿನ ಅಂಚು. ಚರಂಡಿ ಬಂದು ಸೇರೋ ಬಾಯಲ್ಲೂ ಇರುತ್ತೆ, ಆದ್ರೆ ಅಲ್ಲಿ ಹಿಡಿದಿದ್ದನ್ನ ನಾನು ತಿನ್ನಲ್ಲ, ನೀವೂ ತಿನ್ನಬೇಡಿ.

ಇದನ್ನ ನಾನು ಪುಸ್ತಕದಿಂದ ಕಲಿತಿದ್ದಲ್ಲ. ನನಗಾಗ ಇಪ್ಪತ್ತಾರು ವರ್ಷ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಮಂಟಪ ಇದೆಯಲ್ಲ, ಮಳೆಗಾಲದಲ್ಲಿ ‘ಮಂಟಪ ಮುಳುಗ್ತಂತೆ’ ಅಂತ ಊರಿಗೆ ಊರೇ ನೋಡೋಕೆ ಹೋಗುತ್ತಲ್ಲ, ಅಲ್ಲೇ. ದೀಪಾವಳಿ ಕಳೆದಿತ್ತು, ಕೆಂಪು ನೀರು ತಿಳಿಯಾಗಿತ್ತು. ಮೊದಲ ಸಂಬಳದಲ್ಲಿ ತಗೊಂಡ ರೀಲು. ಮೂರು ದಿನ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಎಸೆದೆ. ತೋಳು ಬಿದ್ದುಹೋಯ್ತು, ಒಂದು ಮೀನೂ ಮುಟ್ಟಲಿಲ್ಲ.

ಪಕ್ಕದ ಮೆಟ್ಟಿಲಲ್ಲಿ ಒಬ್ಬ ಹೆಂಗಸು ದಿನಾ ಬಟ್ಟೆ ಒಗೀತಿದ್ರು. ಮೂರನೇ ದಿನ ಸೊಂಟಕ್ಕೆ ಕೈ ಇಟ್ಕೊಂಡು ನಿಂತು ಕೇಳಿದ್ರು: ‘ಅಲ್ಲ ತಮ್ಮಾ, ನೀನು ಆಚೆ ದಡದ ಕಡೆಗೆ ಎಸೀತೀಯ. ಆಚೆ ದಡದೋರು ನಿನ್ ಕಡೆಗೆ ಎಸೀತಾರೆ. ನಿಮ್ಮಿಬ್ರಿಗೂ ಏನಾಗೈತೆ?’

ನನಗೆ ಅವಮಾನ ಆಯ್ತು. ‘ದೊಡ್ಡ ಮೀನು ಆಳದಲ್ಲಿರುತ್ತೆ ಅಕ್ಕಾ’ ಅಂದೆ.

‘ದೊಡ್ಡದು ಇಲ್ಲೇ ಐತೆ. ನಾನು ಬಟ್ಟೆ ಕುಕ್ಕೋದು ನಿಲ್ಸಿ ಬುತ್ತಿ ಡಬ್ಬಿ ತೊಳೆದ ಮೇಲೆ ಬರ್ತೈತೆ. ದಿನಾ ಬರ್ತೈತೆ.’

ಅವತ್ತು ಅವರು ಊಟ ಮಾಡಿ ಡಬ್ಬಿ ತೊಳೆದು ಮೇಲೆ ಹೋಗಿ ಬೇವಿನ ನೆರಳಲ್ಲಿ ಕೂತ್ರು. ನಾನು ಮೆಟ್ಟಿಲಿಂದ ನಾಲ್ಕು ಹೆಜ್ಜೆ ಹಿಂದೆ ಕುಕ್ಕರುಗಾಲಲ್ಲಿ ಕೂತೆ, ನೆರಳು ನೀರಿಗೆ ಬೀಳದ ಹಾಗೆ. ಮೊದಲು ಪಕ್ಕೆ ಬಂದವು, ಅನ್ನದ ಅಗುಳಿಗೆ ಜಗಳ. ಐದು ನಿಮಿಷ. ಹತ್ತು ನಿಮಿಷ. ಇದ್ದಕ್ಕಿದ್ದ ಹಾಗೆ ಪಕ್ಕೆ ಅಷ್ಟೂ ಮಾಯ. ಕಲ್ಲಿನ ಸಂದಿಯಿಂದ, ನನ್ನಿಂದ ಒಂದು ಮಾರು ದೂರದಲ್ಲಿ, ಕಪ್ಪು ತಲೆ ಮೇಲೆದ್ದು ‘ಗ್ಲುಪ್’ ಅಂತ ಗಾಳಿ ನುಂಗಿ ಇಳೀತು. ಕೊರವಕ್ಕೆ ಕಿವಿರು ಸಾಲದು, ಉಸಿರಿಗೆ ಮೇಲೆ ಬರಲೇಬೇಕು. ಬರದಂತೆ ತಡೆದ್ರೆ ಮೀನಾದರೂ ಉಸಿರುಗಟ್ಟಿ ಸಾಯುತ್ತೆ!

ಬೆನ್ನಿಗೆ ಗಾಳ ಚುಚ್ಚಿದ ಪಕ್ಕೆಯನ್ನ ಎಸೆಯಲಿಲ್ಲ, ಇಳಿಬಿಟ್ಟೆ ಅಷ್ಟೆ. ನೀರು ಒಡೀತು. ದಾರ ಕಲ್ಲಿನ ಕಡೆಗೆ ಎಳೀತು. ಸಂದಿಗೆ ಹೊಕ್ರೆ ಮುಗೀತು ಅಂತ ಗೊತ್ತಿತ್ತು, ರೀಲು ಬಿಟ್ಟು ದಾರವನ್ನೇ ಕೈಗೆ ಸುತ್ತಿಕೊಂಡು ಹಿಂದಕ್ಕೆ ನಡೆದೆ. ಬೆರಳು ಕುಯ್ದ ಗುರುತು ಈಗಲೂ ಇದೆ, ನೀವು ಹಾಗೆ ಮಾಡಬೇಡಿ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಎರಡೂ ಮುಕ್ಕಾಲು ಕೆಜಿ ತೂಗಿತು. ಅಕ್ಕ ಮೆಟ್ಟಿಲಿಳಿದು ಬಂದು, ‘ಅರ್ಧ ನಂದು’ ಅಂದ್ರು. ಕೊಟ್ಟೆ. ತಲೆ ಭಾಗ ಕೊಡೋಕೆ ಹೋದ್ರೆ, ‘ಅದು ನಿಂಗಿರ್ಲಿ, ನಡುವಿಂದು ಕೊಡು’ ಅಂದ್ರು.

ಹಾಗಾಗಿ ದಯವಿಟ್ಟು, ಅಂಚು ನೋಡಿ. ಗಾಳ ಚೀಲದಲ್ಲೇ ಇರ್ಲಿ, ಮೊದಲು ಕಾಲು ಗಂಟೆ ಅಂಚು ನೋಡಿ.

ಗಾಜಿನಾಚೆಯಿಂದ ಟೈಮು ಅಂತ ಕೈ ತೋರಿಸ್ತಿದಾರೆ. ಬಾಳೆ ಮೀನಿನ ಬಗ್ಗೆ ಹೇಳೋದು ಬಹಳ ಇತ್ತು. ಅದು ಇರುಳಿನ ಮೀನು, ಕತ್ತಲಾದ ಮೇಲೆ ಮೊಣಕಾಲುದ್ದ ನೀರಿಗೂ ಬರುತ್ತೆ. ಅಂದ್ರೆ ಅದೂ ಅಂಚಿಗೇ ಬರುತ್ತೆ!

ಇನ್ನು ಬೇಗ ಬೇಗ ಹೇಳ್ತೀನಿ. ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಗುಂಪು ಒಟ್ಟಿಗೆ ಕುದಿಯೋ ಹಾಗೆ ಕಂಡ್ರೆ, ಅದರಡಿ ತಾಯಿ ತಂದೆ ಕೊರವ ಕಾವಲಿರುತ್ತೆ. ಗಾಳ ಹಾಕಬೇಡಿ. ಕಾವಲು ಹೋದ್ರೆ ಮರಿಗಳನ್ನ ಉಳಿದ ಮೀನುಗಳು ಒಂದು ಹೊತ್ತಿಗೆ ಮುಗಿಸ್ತಾವೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಛಿಪ್ಪಲಗುಡ್ಡೆಯಲ್ಲಿ ಗಾಳ ತೆಗೀಲೇಬೇಡಿ, ಅವು ಮತ್ಸ್ಯಧಾಮ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದ್ರೆ ಪಾಪ ಅಂತ ವಾಪಸ್ ಬಿಡಬೇಡಿ. ನಮ್ಮ ದೇಶದಲ್ಲಿ ಅದನ್ನ ಸಾಕೋದೇ ನಿಷೇಧ, ನಮ್ಮ ಮೀನನ್ನೆಲ್ಲ ನುಂಗುತ್ತೆ. ಮೇಲೆ ಗಾಜನೂರಿನ ತುಂಗಾ ಅಣೆಕಟ್ಟೆಯಲ್ಲಿ ಗೇಟು ತೆಗೆದಿದಾರೆ ಅಂತ ಕೇಳಿದ್ರೆ ಆ ದಿನ ಮನೇಲಿರಿ.

ಹಾಂ, ಬಾಳೆಗೆ ಹೋಗೋರು ಗಾಳದ ಮೇಲೆ ಗೇಣುದ್ದ ಸ್ಟೀಲ್ ವೈರ್ ಕಟ್ಟಿ. ಬರೀ ದಾರ ಅದರ ಹಲ್ಲಿಗೆ ತಡೆಯಲ್ಲ. ನಮಸ್ಕಾರ.