ಅಪ್ಪ ಹುಟ್ಟಿದ ಓಣಿ ಬೇಕಂದ್ರ ಅಜ್ಜಿ ತವರು ಹಿಡೀರಿ

ನಮಸ್ಕಾರ್ರಿ. ಇವತ್ತು ಸೀದಾ ವಿಷಯಕ್ಕ ಬರ್ತೀನಿ.

ಅಪ್ಪ ಹುಟ್ಟಿದ ಓಣಿ ಹುಡುಕ್ತೀವಿ ಅಂತ ಹೊಂಟವರು ಬಹಳ ಮಂದಿ ಅಜ್ಜನ ಮನಿ ಹುಡುಕ್ತಾರ. ಆಸ್ತಿ ದಾಖಲೆಯ ಉತಾರ ತಗಸ್ತಾರ, ಅಜ್ಜನ ಹೆಸರು ಕಾಣತೈತಿ, ಆ ಜಾಗಾದಾಗ ನಿಂತು ಫೋಟೋ ಹೊಡಕೊಂಡು ಸ್ಟೇಟಸ್ ಇಟ್ಟುಬಿಡ್ತಾರ. ಅಲ್ರೀ, ನಿಮ್ಮಪ್ಪ ಅಲ್ಲಿ ಹುಟ್ಟೇ ಇಲ್ಲಲ್ಲ! ನಮ್ಮ ಕಡೆ ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಯಾವಾಗ ಆಗಿತ್ತು? ಕುಬಸ ಮಾಡಿ ತವರಿಗೆ ಕರಕೊಂಡು ಹೋದ್ರಂದ್ರ ಹೆರಿಗಿ, ಬಾಣಂತನ, ತೊಟ್ಟಲಕ್ಕ ಹಾಕೋದು, ಎಲ್ಲಾ ಅಲ್ಲೇ. ಅಜ್ಜನ ಮನಿಗೆ ಕೂಸು ಬರೋ ಹೊತ್ತಿಗೆ ತಿಂಗಳುಗಟ್ಟಲೆ ಆಗಿರತಿತ್ತು.

ನಮ್ಮ ಮನಿದ ಹೇಳ್ತೀನಿ. ನಮ್ದು ಬಾಗಲಕೋಟಿ. ಮುಳುಗಡಿ ಊರು ಅಂದ್ರ ಎಲ್ಲಾರಿಗೂ ಗೊತ್ತಾಗತೈತಿ. ಆಲಮಟ್ಟಿ ಡ್ಯಾಮಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಾಗ. ಕೃಷ್ಣಾ ನದಿಗೆ ಒಡ್ಡು ಕಟ್ಟಿದ್ರ ನೀರು ನಮ್ಮೂರ ಮಗ್ಗಲಿನ ಘಟಪ್ರಭಾದಾಗೂ ಹಿಂದಕ್ಕ ಏರಿ ಬಂತು. 519.60 ಮೀಟರ್ ಅನ್ನೋದು ಡ್ಯಾಮಿನ ಈಗಿನ ತುಂಬು ಮಟ್ಟ. ನಮ್ಮೂರಾಗ ಇಸ್ಪೀಟ್ ಆಡಾಕ ಕುಂತ ಮುದುಕಗೂ ಈ ಲೆಕ್ಕ ಬಾಯಿಪಾಠ. ಊರು ಪೂರ್ತಿ ಹೋಗಿಲ್ಲ, ಹಳೇ ಬಾಗಲಕೋಟ್ಯಾಗ ಇವತ್ತಿಗೂ ಪ್ಯಾಟಿ ಐತಿ, ಮಂದಿ ಅದಾರ. ಹೋಗಿದ್ದು ತಗ್ಗಿನ ಓಣಿಗೋಳು. ಅಲ್ಲಿ ಮಂದಿ ಪರಿಹಾರ ತಗೊಂಡು, ತೊಲಿ, ಬಾಗಲಾ, ಚೌಕಟ್ಟು ಕಿತ್ಕೊಂಡು, ಟ್ರ್ಯಾಕ್ಟರಿಗೆ ಹೇರಿ, ಮುಳುಗಡಿ ಮಂದಿಗಂತ ಕಟ್ಟಿದ ನವನಗರಕ್ಕ ಬಂದ್ರು. ನವನಗರದಾಗ ಓಣಿ ಇಲ್ಲ, ಸೆಕ್ಟರ್ ಐತಿ.

ನಮ್ಮಪ್ಪನ ಕೇಳಿದ್ರ ಹುಟ್ಟಿದ್ದು ಹೊಸಪೇಟ್ಯಾಗ, ಅಂದ್ರ ಹಳೇ ಬಾಗಲಕೋಟಿದ ಒಂದು ಪೇಟ್ಯಾಗ ಅಂತಾರ. ಸಾಲಿ ದಾಖಲೇದಾಗ ಬಾಗಲಕೋಟ ಅಂತಷ್ಟ ಐತಿ. ಅದರಾಗ ಹುಟ್ಟಿದ ತಾರೀಖು ಜೂನ್ ಒಂದು. ಆ ಕಾಲದ ಮಾಸ್ತರರು ಅರ್ಧ ಕರ್ನಾಟಕಾನ ಜೂನ್ ಒಂದಕ್ಕ ಹುಟ್ಟಿಸ್ಯಾರ, ಅವರ ತಾರೀಖು ನಂಬಿ ಕಚೇರಿಗೆ ಹೋದ್ರ ಕಥಿ ಮುಗೀತು! ನಮ್ಮಪ್ಪ ಹುಟ್ಟಿದಾಗ ಬಾಗಲಕೋಟಿ ಮೈಸೂರು ರಾಜ್ಯಕ್ಕ ಸೇರಿರಲಿಲ್ಲ. ಮುಂಬೈ ರಾಜ್ಯ, ವಿಜಾಪುರ ಜಿಲ್ಲಾ. ಸೇರಿದ್ದು 1956ರಾಗ. ಜಿಲ್ಲಾ ಆಗಿದ್ದಂತೂ 1997ರಾಗ.

ಹುಟ್ಟಿದ ಜಾಗಾ ಯಾವ್ದಂತ ಬಿಡಿಸಿದವರು ಸಣ್ಣಜ್ಜಿ, ಅಂದ್ರ ನಮ್ಮ ಅಜ್ಜಿಯ ತಂಗಿ. ಕಣ್ಣು ಮಂಜಾಗ್ಯಾವ, ಬಾಯಿ ಮಾತ್ರ ಚುರುಕು. ಎಲಿಗೆ ಸುಣ್ಣಾ ಹಚ್ಕೋತನ ಅಂದ್ರು: “ಹೊಸಪೇಟಿ ನಿಮ್ಮ ಅಜ್ಜಂದೋ. ನಿಮ್ಮಪ್ಪ ಹುಟ್ಟಿದ್ದು ಕಿಲ್ಲಾದಾಗ, ನಮ್ಮ ಮನ್ಯಾಗ. ನೀರು ಕಾಸಿದಾಕಿ ನಾನು. ಸೂಲಗಿತ್ತಿ ಮಳ್ಯಾಗ ಗೋಣಿ ಕೊಪ್ಪಿ ಹಾಕ್ಕೊಂಡು ಬಂದಿದ್ಳು, ಬಂದಾಕಿನ ಮೊದಲ ಚಾ ಬೇಡಿದ್ಳು.” ಕಿಲ್ಲಾ ಅಂದ್ರ ಹಳೇ ಊರಿನ ಇನ್ನೊಂದು ಪೇಟಿ. ಆ ಮನ್ಯಾಗ ಪಡಸಾಲಿ ದಾಟಿ ಎಡಕ್ಕ ಬಾಣಂತಿ ಕ್ವಾಣಿ, ಮ್ಯಾಲ ಬೆಳಕಿಂಡಿ, ಮಳಿ ಬಂದ್ರ ಅದಕ್ಕ ಮುಚ್ಚಾಕ ಒಂದು ಒಡದ ಪರಾತ. ಪರಾತ ಯಾಕ ಒಡದಿತ್ತು ಅನ್ನೋದಕ್ಕೂ ಒಂದು ಕಥಿ ಇತ್ತು. ಅದರಾಗ ಸೊಸಿ ಹೆಸರು ಬಂತು, ಅದಕ್ಕ ಇಲ್ಲಿ ಬ್ಯಾಡ.

ಈ ಒಂದು ಮಾತು ಸಿಕ್ಕ ಮ್ಯಾಲ ಕಾಗದ ಹುಡುಕೋ ದಾರೀನೂ ಬದಲಾತು. ಅಜ್ಜನ ಅಡ್ಡಹೆಸರು ಬಿಟ್ಟು ಅಜ್ಜಿಯ ಅಣ್ಣತಮ್ಮಂದಿರ ಅಡ್ಡಹೆಸರು ಹಿಡೀಬೇಕು. ಸಿಟಿ ಸರ್ವೇ ಉತಾರದಾಗ, ಭೂಸ್ವಾಧೀನದ ಅವಾರ್ಡಿನಾಗ, ಅಂದ್ರ ಪರಿಹಾರದ ಆದೇಶದಾಗ, ಇರೋದು ಆ ಗಂಡಸರ ಹೆಸರು. ಜನನ ನೋಂದಣಿ ಹುಡುಕೋರಿಗೆ ಇನ್ನೊಂದು: ಹಳೇ ನೋಂದಣ್ಯಾಗ ಕೂಸಿನ ಹೆಸರು ಹುಡುಕಬ್ಯಾಡ್ರಿ, ಹೆಸರು ಇಡೂಕಿಂತ ಮೊದಲ ಬರದಿದ್ದು ಎಷ್ಟೋ ಅದಾವ. ತಂದೆ ಹೆಸರು, ಗಂಡೋ ಹೆಣ್ಣೋ, ತಾರೀಖು ಇಷ್ಟ ಇರತೈತಿ. ಅಜ್ಜಿ ತವರು ಬ್ಯಾರೆ ಊರಿಂದಾಗಿದ್ರ ಆ ಊರಿನ ನೋಂದಣಿ ನೋಡ್ರಿ, ಇಲ್ಲಂದ್ರ ‘ದಾಖಲೆ ಇಲ್ಲ’ ಅಂತ ಪ್ರಮಾಣಪತ್ರ ಕೈಗೆ ಬರತೈತಿ.

“ನಮಗ ಹೋಳಿ ಐತಲ್ಲೋ, ಓಣಿ ಎಲ್ಲಿ ಮರೀತೀವಿ” ಅಂತ ನಮ್ಮೂರ ಗೆಳೆಯಾರು ಅಂತಾರ. ಖರೇ ಐತಿ. ನಮ್ಮೂರಾಗ ಹೋಳಿ ಆಡೋದು ಪೇಟಿ ಲೆಕ್ಕದಾಗ: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ನವನಗರದಾಗ ಮನಿ ಕಟ್ಟಿದವನೂ ಹೋಳಿ ಬಂದ್ರ ತನ್ನ ಪೇಟಿಯವರು ಬಾರಸೋ ಹಲಗಿಗೆ ಹೋಗಿ ನಿಂದರತಾನ, ಬಣ್ಣದ ಬ್ಯಾರಲ್ ಹೇರಿದ ಬಂಡಿ ಹತ್ತತಾನ. ನಾನೂ ಹತ್ತೀನಿ. ಆದ್ರ ಆ ಲೆಕ್ಕಾನೂ ಅಪ್ಪ-ಅಜ್ಜನ ಕಡಿಂದ ಬಂದಿದ್ದ. ಹಲಗಿ ಹೇಳೋದು ನಿಮ್ಮ ಮನಿತನ ಯಾವ ಪೇಟಿದು ಅಂತ. ನಿಮ್ಮಪ್ಪ ಮೊದಲ ಸಲ ಅತ್ತ ಕ್ವಾಣಿ ಎಲ್ಲಿತ್ತು ಅನ್ನೋದು ಹಲಗಿಗೆ ಗೊತ್ತಿಲ್ಲ.

ಸರ್ಕಾರದ ಮ್ಯಾಲ ನನ್ನ ತಕರಾರು ಇಲ್ಲೇ ಐತಿ. ಮುಳುಗಡಿ ಹೊತ್ತಿನ್ಯಾಗ ಗ್ವಾಡಿ ಅಳದ್ರು, ತೊಲಿ ಎಣಿಸಿದ್ರು, ಯಜಮಾನನ ಹೆಸರು ಬರಕೊಂಡ್ರು. ರೊಕ್ಕ ಕೊಡಾಕ ಅದು ಬೇಕು, ಒಪ್ಪತೀನಿ. ಆ ಅಳತಿ ನಕಾಶಿ, ಅವಾರ್ಡ್ ಪುಸ್ತಕ ಸ್ಕ್ಯಾನ್ ಮಾಡಿ ಮಂದಿಗೆ ಬಿಟ್ರ ಏನು ಗಂಟು ಹೋಗತೈತಿ? ಮೊಮ್ಮಕ್ಕಳು ಪರಿಹಾರ ಕೇಳಾಕ ಬರ್ತಾರ ಅಂತ ಅಂಜಿಕ್ಯಾ? ಬಂದ್ರ ಬರಲಿ, ಕೋರ್ಟ್ ಅದಾವ.

ಇದನ್ನ ಈಗ ಹೇಳಾಕ ಕಾರಣ ಐತಿ. ಡ್ಯಾಮ್ ಮಟ್ಟ 524.256 ಮೀಟರಿಗೆ ಏರಿಸಬೇಕಂತ ವರ್ಷಾನುಗಟ್ಟಲೆ ಮಾತು ನಡದೈತಿ, ಕೃಷ್ಣಾ ನೀರು ಹಂಚೋ ನ್ಯಾಯಮಂಡಳಿ ಹೂಂ ಅಂದೈತಿ. ಏರಿಸಿದ್ರ ಇನ್ನೂ ಹಳ್ಳಿಗೋಳು, ಹಳೇ ಬಾಗಲಕೋಟಿ ಇನ್ನಷ್ಟು ಓಣಿಗೋಳು ಹೋಗ್ತಾವ. ಮತ್ತ ಟೇಪ್ ಹಿಡಕೊಂಡು ಬರ್ತಾರ, ಮತ್ತ ಯಜಮಾನ ಯಾರ್ರೀ ಅಂತ ಕೇಳ್ತಾರ. ಆ ಮನ್ಯಾಗ ಯಾರ್ಯಾರ ಬಾಣಂತನ ಆತು, ಯಾವ ಊರಿಗೆ ಕೊಟ್ಟ ಹೆಣ್ಣಮಗಳು ಹೆರಿಗಿಗೆ ಬಂದಿದ್ಳು ಅಂತ ಕೇಳೋ ಕಾಲಮ್ಮು ಅವರ ಫಾರ್ಮಿನ್ಯಾಗ ಇರೂದಿಲ್ಲ. ಅದನ್ನ ನಾವ ತುಂಬಬೇಕು. ಆ ಓಣ್ಯಾಗ ಇದ್ದವರು ಈ ವಾರ ಮನ್ಯಾಗಿನ ಮುದುಕಿ ಮುಂದ ಮೊಬೈಲ್ ಇಟ್ಟು ರೆಕಾರ್ಡ್ ಒತ್ರಿ. ‘ನಿಮ್ಮ ಇತಿಹಾಸ ಹೇಳ್ರಿ’ ಅಂದ್ರ ಏನೂ ಹೇಳೂದಿಲ್ಲ. ‘ನಿಮ್ಮ ತವರಾಗ ಯಾರ್ಯಾರ ಹೆರಿಗಿ ಆಗ್ಯಾವ’ ಅಂತ ಕೇಳ್ರಿ, ಚಾರ್ಜ್ ಫುಲ್ ಇರಲಿ.