ಶೇಕಡಾ ನೂರು ಯಾರದು?

(ವಿರಾಜಪೇಟೆಯಲ್ಲಿ ಶಿಕ್ಷಕರ ದಿನಾಚರಣೆಯ ಸಭೆಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯಲ್ಲಿರುವ ಹಿರಿಯರೇ, ಈ ಮಳೆಯಲ್ಲೂ ಬಂದಿರುವ ಮೇಷ್ಟ್ರುಗಳೇ, ಟೀಚರ್‌ಗಳೇ,

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಇಂಥ ದಿನ ನೋಟಿಸಿನ ಮಾತು ಬೇಡ ಸಾರ್ ಅಂತ ಸಂಘದವರು ಮೊದಲೇ ಹೇಳಿದ್ದರು. ಆದರೆ ಇಲ್ಲಿ ಕೂತಿರುವ ಎಷ್ಟೋ ಜನರ ಬ್ಯಾಗಿನಲ್ಲಿ ಇಲಾಖೆಯ ಆ ಕಾಗದ ಇನ್ನೂ ಇದೆ. 'ನಿಮ್ಮ ವಿಷಯದ ಫಲಿತಾಂಶ ಏಕೆ ಕಡಿಮೆಯಾಗಿದೆ? ಲಿಖಿತ ಸಮಜಾಯಿಷಿ ನೀಡಿ.' ರಿಸಲ್ಟ್ ಬಂದಾಗ ಆ ಕಾಗದ, ಸೆಪ್ಟೆಂಬರಿನಲ್ಲಿ ಈ ಶಾಲು. ಕೆಲವರಿಗೆ ಎರಡೂ ಸಿಕ್ಕಿದೆ!

ಮೇಷ್ಟ್ರನ್ನು ಅಳೆಯಲೇಬಾರದು ಅಂತ ನಾನು ಹೇಳುವವನಲ್ಲ. ಚೆನ್ನಾಗಿ ಪಾಠ ಮಾಡುವವರೂ ನಮ್ಮಲ್ಲಿದ್ದಾರೆ, ಕಾಲ ಕಳೆಯುವವರೂ ಇದ್ದಾರೆ. ಯಾರು ಯಾವ ಕಡೆ ಅಂತ ಮಕ್ಕಳಿಗೆ ಗೊತ್ತು. ಬಿಸಿಯೂಟದ ಅಕ್ಕಂದಿರಿಗೆ ಇನ್ನೂ ಚೆನ್ನಾಗಿ ಗೊತ್ತು. ನನ್ನ ಪ್ರಶ್ನೆ ಒಂದೇ. ಮಗು ಬಂದಾಗ ಎಲ್ಲಿತ್ತು, ಹೋಗುವಾಗ ಎಲ್ಲಿದೆ? ನೋಟಿಸಿನಲ್ಲಿ ಎರಡನೆಯದು ಮಾತ್ರ ಇರುತ್ತದೆ.

ಸಿದ್ದಾಪುರದ ಕಡೆಯ ಒಂದು ಹೈಸ್ಕೂಲು. ಹೆಸರು ಬೇಡ. ಹತ್ತನೇ ತರಗತಿಯಲ್ಲಿ 9 ಮಕ್ಕಳು. ಗಣಿತದ ಪರೀಕ್ಷೆಯ ದಿನ ಎಂಟು ಮಕ್ಕಳು ಬಂದರು. ತೋಟದ ಕೆಲಸದವರ ಲೈನ್ ಮನೆಯ ಒಬ್ಬ ಹುಡುಗ ಬರಲಿಲ್ಲ. ಗಣಿತದ ಮೇಷ್ಟ್ರು ಪರೀಕ್ಷಾ ಕೇಂದ್ರದ ಹೊರಗೆ ನಿಂತು, ಹುಡುಗನನ್ನು ಕರೆತರುತ್ತಿದ್ದ ಜೀಪಿನವನಿಗೆ ಫೋನ್ ಮೇಲೆ ಫೋನ್. ಅವನು ಪಿಸುದನಿಯಲ್ಲಿ ಹೇಳಿದನಂತೆ, 'ಸಾರ್, ಮುಂದೆ ಒಂದು, ಹಿಂದೆ ಎರಡು. ಗಾಡಿ ಆಫ್ ಮಾಡಿದ್ದೇನೆ.' ಆನೆ! 'ಹಾರ್ನ್ ಹೊಡೆಯಯ್ಯಾ' ಅಂದರಂತೆ ಮೇಷ್ಟ್ರು. 'ನೀವೇ ಬಂದು ಹೊಡೀರಿ ಸಾರ್' ಅಂದನಂತೆ ಅವನು. ಆನೆಗಳು ತೋಟದೊಳಗೆ ಇಳಿದು, ಜೀಪು ಹೊರಟು, ಹುಡುಗ ತಲುಪುವಷ್ಟರಲ್ಲಿ ಗೇಟು ಮುಚ್ಚಿಯಾಗಿತ್ತು. ತರಗತಿಯಲ್ಲಿ ಲೆಕ್ಕಕ್ಕೆ ಅವನೇ ಚುರುಕು ಅನ್ನುವುದು ಬೇರೆ.

ಒಂದು ಮಗು ಹೋದರೆ ಆ ಶಾಲೆಗೆ 11 ಪರ್ಸೆಂಟ್ ಹೋಯಿತು. 90 ಮಕ್ಕಳಿರುವ ಶಾಲೆಗೆ ಒಂದೇ ಒಂದು ಪರ್ಸೆಂಟ್. ಮೇಷ್ಟ್ರಿಗೆ ನೋಟಿಸ್ ಬಂತು. ಮುಂದಿನ ವರ್ಷ ಎಲ್ಲರೂ ಪಾಸು, ಅದೇ ಮೇಷ್ಟ್ರಿಗೆ ಸನ್ಮಾನ. 'ಪಾಠ ಅದೇ ಸಾರ್, ನೋಟ್ಸೂ ಅದೇ' ಅಂತ ಅವರೇ ನಗುತ್ತಿದ್ದರು. ಸಮಜಾಯಿಷಿಯನ್ನು ನಿಜವಾಗಿ ಕೇಳಬೇಕಾಗಿದ್ದದ್ದು ಆನೆಯನ್ನು, ಅಲ್ವಾ?

ಮಗು ಎಲ್ಲಿತ್ತು, ಎಲ್ಲಿಗೆ ಬಂತು ಅನ್ನುವುದನ್ನು ಅಳೆಯಲು ಹೊರಟವರು ಇಲ್ಲದಿಲ್ಲ. ಅಮೆರಿಕದ ಟೆನೆಸ್ಸಿ ರಾಜ್ಯ 1992ರಲ್ಲಿ ಇದಕ್ಕಾಗಿಯೇ ಕಾನೂನು ತಂದಿತು. ಲೆಕ್ಕ ಹಾಕಿಕೊಟ್ಟವರು ವಿಲಿಯಂ ಸ್ಯಾಂಡರ್ಸ್. ಅವರು ಮೂಲತಃ ಕೃಷಿ, ಜಾನುವಾರುಗಳ ಅಂಕಿಸಂಖ್ಯೆ ನೋಡುತ್ತಿದ್ದವರು. ಮಗುವಿನ ಹಿಂದಿನ ವರ್ಷಗಳ ಅಂಕ ನೋಡಿ, ಈ ವರ್ಷ ಇಷ್ಟು ಬರಬಹುದು ಅಂತ ಅಂದಾಜು ಮಾಡುವುದು. ಅದಕ್ಕಿಂತ ಜಾಸ್ತಿ ಬಂದರೆ ಮೇಷ್ಟ್ರ ಖಾತೆಗೆ ಜಮಾ, ಕಡಿಮೆ ಬಂದರೆ ಖರ್ಚು.

ಕೇಳಲು ಚೆನ್ನಾಗಿದೆ. ಇದರಲ್ಲಿ ಹುರುಳೂ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಸುಮಾರು 25 ಲಕ್ಷ ಮಕ್ಕಳ ದಾಖಲೆ ಹಿಡಿದು ನೋಡಿದರು. ಈ ಲೆಕ್ಕದಲ್ಲಿ ಮೇಲಿದ್ದ ಶಿಕ್ಷಕರ ಕೈಯಲ್ಲಿ ಕಲಿತವರು ಮುಂದೆ ಕಾಲೇಜಿಗೆ ಹೋದದ್ದು ಜಾಸ್ತಿ, ದುಡಿದದ್ದೂ ಜಾಸ್ತಿ. ಒಳ್ಳೆಯ ಮೇಷ್ಟ್ರು ಅನ್ನುವುದು ಸುಮ್ನೆ ಮಾತಲ್ಲ. ಆದರೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2014ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಮಕ್ಕಳ ಅಂಕಗಳ ನಡುವಿನ ಏರುಪೇರಿನಲ್ಲಿ ಶಿಕ್ಷಕರ ಪಾಲು 1ರಿಂದ 14 ಪರ್ಸೆಂಟ್ ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಉಳಿದದ್ದು ಮನೆ, ಊರು, ಶಾಲೆಯ ವ್ಯವಸ್ಥೆ ಇತ್ಯಾದಿ.

ಇಲ್ಲಿ ತೋಟದವರು ತುಂಬಾ ಇದ್ದೀರಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ರೋಬಸ್ಟಾ ಕಾಫಿ ಕಡಿಮೆಯಾದರೆ, ತೋಟದ ಕೆಲಸ ನೋಡಿಕೊಳ್ಳುವ ನಿಮ್ಮ ರೈಟರಿಗೆ ನೋಟಿಸ್ ಕೊಡುತ್ತೀರಾ? ಇಲ್ಲ. ಮೊದಲು ಮಳೆಯ ಲೆಕ್ಕ ನೋಡುತ್ತೀರಿ. ನಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈಗ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಕಾಫಿ ಕೊಯ್ಲು ಮುಗಿದರೆ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಹೊರಟೇಹೋಗುತ್ತಾರೆ. ಜುಲೈನಲ್ಲಿ ಮಳೆ ರಜೆ ಬೇರೆ. ಈ ಲೆಕ್ಕ ಯಾವ ನಮೂನೆಯಲ್ಲಿದೆ?

ಇನ್ನೊಂದು ಅಪಾಯ. ಅಳತೆಯ ಮೇಲೆ ದುಡ್ಡನ್ನೋ ಶಿಕ್ಷೆಯನ್ನೋ ಕಟ್ಟಿದರೆ ಅಳತೆಯೇ ಕೆಡುತ್ತದೆ. ಇಂಗ್ಲೆಂಡಿನಲ್ಲಿ 1862ರಲ್ಲೇ ಮಾಡಿ ನೋಡಿದರು. ಇನ್ಸ್‌ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷಿಸಬೇಕು, ಮಕ್ಕಳು ಪಾಸಾದಷ್ಟು ಶಾಲೆಗೆ ಅನುದಾನ. ಏನಾಯಿತು? ಮಕ್ಕಳು ಪುಸ್ತಕವನ್ನೇ ಬಾಯಿಪಾಠ ಮಾಡಿದರು. ನಮ್ಮ ಕಾಲದ ಇನ್ಸ್‌ಪೆಕ್ಷನ್ನೂ ಕಡಿಮೆಯೇನಲ್ಲ. ಒಮ್ಮೆ ಸಾಹೇಬರು ಎರಡನೇ ಪ್ರಶ್ನೆ ಬಿಟ್ಟು ಮೂರನೆಯದು ಕೇಳಿಬಿಟ್ಟರು. ಇಡೀ ತರಗತಿ ಎರಡನೆಯದರ ಉತ್ತರವನ್ನೇ ಕೂಗಿತು! ಈಗಿನದು ನೋಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೂ 73.40. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತರಾ?

ಚೀಟಿ ಬಂತು. ಐದು ನಿಮಿಷವಂತೆ. ಆಂಧ್ರದಲ್ಲಿ ಮಕ್ಕಳ ಅಂಕ ಏರಿದರೆ ಶಿಕ್ಷಕರಿಗೆ ಬೋನಸ್ ಕೊಟ್ಟು ನೋಡಿದ ಪ್ರಯೋಗದ ಬಗ್ಗೆ ಹೇಳಬೇಕೆಂದಿದ್ದೆ. ಅಲ್ಲಿ ಮಕ್ಕಳ ಕಲಿಕೆ ನಿಜವಾಗಿ ಏರಿತು, ನನ್ನ ವಾದಕ್ಕೆ ಅದು ಸ್ವಲ್ಪ ತೊಡಕು. ಅದಕ್ಕೇ ಕೊನೆಗೆ ಇಟ್ಟಿದ್ದೆ! ಗೇಟ್ಸ್ ಪ್ರತಿಷ್ಠಾನದವರು ಮೂರು ಸಾವಿರ ಶಿಕ್ಷಕರ ತರಗತಿ ನೋಡಿ, ಮಕ್ಕಳ ಅಭಿಪ್ರಾಯವನ್ನೂ ಸೇರಿಸಿ ಅಳೆದರು. ಒಬ್ಬರೇ ಬಂದು ಒಂದು ಪಾಠ ನೋಡಿ ಹೋದರೆ ಸಾಲದು, ಬೇರೆ ಬೇರೆಯವರು ಬೇರೆ ಬೇರೆ ದಿನ ನೋಡಬೇಕು ಅಂತ ಅವರಿಗೆ ಕಂಡಿತು. ಶಾಲೆಗಳಿಗೆ ಬಂದು ಹೋಗುವ ನಮ್ಮ ಸಿಆರ್‌ಪಿಗಳಿಗೆ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ, ಡೇಟಾ ಎಂಟ್ರಿಯಿಂದ ಬಿಡುವು ಕೊಟ್ಟರೆ ಅದನ್ನು ಅವರೇ ಮಾಡಬಲ್ಲರು.

ಅಧಿಕಾರಿಗಳು ಮುಂದಿನ ಸಾಲಿನಲ್ಲೇ ಇದ್ದಾರೆ, ಕೇಳಿಬಿಡುತ್ತೇನೆ. ಜೂನ್‌ನಲ್ಲಿ ಎಲ್ಲ ಶಾಲೆಯಲ್ಲೂ, ಹಿಂದಿನ ತರಗತಿಯದು ಮಗುವಿಗೆ ಎಷ್ಟು ಬರುತ್ತದೆ ಅಂತ ನೋಡುವ ಸೇತುಬಂಧದ ಪೂರ್ವ ಪರೀಕ್ಷೆ ಮಾಡುತ್ತೇವೆ. ಆಮೇಲೆ ಆ ಹಾಳೆಗಳು ಬೀರುವಿಗೆ ಹೋಗುತ್ತವೆ. ಎಂಟನೇ ತರಗತಿಗೆ ಸೇರುವಾಗಿನ ಆ ಅಂಕವನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ವಿಶ್ಲೇಷಣೆಯ ನಮೂನೆಯಲ್ಲಿ ಒಂದು ಕಾಲಂ ಮಾಡಿ ಸೇರಿಸಿ ಸಾರ್. ಮಗು ಬಂದಾಗ ಎಲ್ಲಿತ್ತು ಅಂತ ಕಾಣಲಿ. ಆದರೆ ಆ ಕಾಲಂ ನೋಡಿ ನೋಟಿಸ್ ಮಾತ್ರ ಕೊಡಬೇಡಿ. ಕೊಟ್ಟರೆ ಮುಂದಿನ ಜೂನ್‌ನಲ್ಲಿ ಕೊಡಗಿನ ಮಕ್ಕಳೆಲ್ಲ ಸೊನ್ನೆ ತೆಗೆಯುತ್ತಾರೆ. ಅದಕ್ಕೆ ಬೇಕಾದ ತರಬೇತಿ ನಮ್ಮವರಿಗೆ ಈಗಾಗಲೇ ಇದೆ!

ಜಗಳವಾಡಬೇಕು ಅನ್ನುವವರು ಊಟದ ಸಾಲಿನಲ್ಲಿ ಸಿಗಿ. ನಮಸ್ಕಾರ.