ಬೀಜದ ಬುತ್ತಿ

ರೈತ ಬಾಂಧವರಿಗೆ ನಮಸ್ಕಾರ. ಹದ ಮಳೆಯಾಗಿದೆ, ಮನೆಮನೆಯಲ್ಲೂ ಬಿತ್ತುವ ಕೂರಿಗೆ ಹೊರಗೆ ಬಂದಿರುತ್ತದೆ, ಜಾಸ್ತಿ ಎಳೆಯುವುದಿಲ್ಲ. ಹೇಳುವುದು ಒಂದೇ ಮಾತು: ಬೀಜ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ.

ರಾಗಿ ನೋಡಿ. 1,000 ಕಾಳು ತೂಗಿದರೆ 3 ಗ್ರಾಂ ಆಸುಪಾಸು. ಅಷ್ಟು ಸಣ್ಣ ಕಾಳಿನ ಮೂಲೆಯಲ್ಲಿ ಮರಿಗಿಡ ಮಲಗಿರುತ್ತದೆ, ಮಿಕ್ಕಿದ್ದೆಲ್ಲ ಹಿಟ್ಟು. ನೀರು ಕುಡಿದ ಮರಿ ಎದ್ದು ಜಿಬ್ಬೆರೆಲಿನ್ ಅನ್ನುವ ಹಾರ್ಮೋನು ಬಿಡುತ್ತದೆ, ಅದು ತಾಗಿದ ಕೂಡಲೇ ಹಿಟ್ಟಿನ ಸುತ್ತಲಿನ ತೆಳು ಪದರದಿಂದ ಅಮೈಲೇಸ್ ಅನ್ನುವ ಕಿಣ್ವ ಹೊರಡುತ್ತದೆ, ಹಿಟ್ಟು ಕರಗಿ ಸಕ್ಕರೆಯಾಗುತ್ತದೆ. ಅದನ್ನು ತಿಂದೇ ಬೇರು, ಮೊಳಕೆ ಎಲ್ಲ. ಮೊಳಕೆ ರಾಗಿ ಬಾಯಿಗೆ ಹಾಕಿಕೊಂಡರೆ ಸಿಹಿ ಅಲ್ವಾ? ಮಗುವಿನ ಸರಿಗೆ ರಾಗಿ ಮೊಳಕೆ ಕಟ್ಟುವುದೂ ಇದಕ್ಕೇ, ಗಂಜಿ ತೆಳ್ಳಗಾಗುತ್ತದೆ.

ಒಂದು ಸಲ ಒಬ್ಬ ಹುಡುಗ ಫೋನ್ ಮಾಡಿ, "ಸಾರ್, ಬೀಜ ಕಳಪೆ, ಒಂದೂ ಹುಟ್ಟಿಲ್ಲ, ಅಂಗಡಿ ಮುಂದೆ ಹೋಗಿ ಗಲಾಟೆ ಮಾಡ್ತೀನಿ" ಎಂದ. ತಡಿಯಪ್ಪ ಎಂದು ಹೋದೆ. ಹೊಲ ಬೋಳು. ಅವರಜ್ಜಿ ಕಾಫಿ ಕುಡಿಸದೆ ಬಿಡಲಿಲ್ಲ, ಆಮೇಲೆ ಸಾಲಿನಲ್ಲಿ ಕೂತು ಮಣ್ಣು ಕೆದಕಿದೆ. ಎರಡು ಬೆರಳು ಇಳಿದರೂ ಏನೂ ಇಲ್ಲ. ನಾಲ್ಕು ಬೆರಳು ಆಳದಲ್ಲಿ ಸಿಕ್ಕಿತು ನೋಡಿ: ದಾರದಂಥ ಬಿಳಿ ಮೊಳಕೆ, ಮೇಲೆ ಬರಲು ಹೆಣಗಿ, ಅರ್ಧ ದಾರಿಯಲ್ಲಿ ಸೊಟ್ಟಗಾಗಿ ಸತ್ತಿತ್ತು. ಕಾಳು ಹಿಸುಕಿದೆ, ಬರೀ ಸಿಪ್ಪೆ. ಬೀಜ ಚೆನ್ನಾಗಿಯೇ ಇತ್ತು, ಟ್ರ್ಯಾಕ್ಟರ್ ಕೂರಿಗೆ ಆಳಕ್ಕೆ ಇಳಿದಿತ್ತು. ಬುತ್ತಿ ದಾರಿಯಲ್ಲೇ ಖಾಲಿ! "ರಾಗಿಗೆ ಅಷ್ಟು ಆಳ ಬ್ಯಾಡ ಅಂತ ಬಡ್ಕೊಂಡೆ" ಎಂದು ಅಜ್ಜಿ ನನ್ನ ಕಡೆ ತಿರುಗಿ ಹೇಳಿದರು, ಹುಡುಗ ಸುಮ್ನೆ ನೆಲ ನೋಡುತ್ತಿದ್ದ.

ರಾಗಿಗೆ 2-3 ಸೆಂಟಿಮೀಟರ್ ಸಾಕು. ಕಡಲೆಕಾಯಿ 5 ಸೆಂಟಿಮೀಟರ್ ಆಳದಿಂದಲೂ ಎದ್ದು ಬರುತ್ತದೆ, ಅದರ ಬುತ್ತಿ ದೊಡ್ಡದು, ಹತ್ತಿರ ಹತ್ತಿರ ಅರ್ಧ ಎಣ್ಣೆ.

ಇನ್ನು ಬೀಜದ ಜೊತೆಗೇ ಯೂರಿಯಾ ಸುರಿಯುವವರಿಗೆ ಎಷ್ಟು ಸಲ ಹೇಳಬೇಕೋ ಗೊತ್ತಿಲ್ಲ. ಬುತ್ತಿ ಕಟ್ಟಿಕೊಂಡು ಬಂದವನಿಗೆ ಬಾಗಿಲಲ್ಲೇ ಊಟ ಯಾಕೆ? ತಾಗಿದರೆ ಮೊಳಕೆ ಸುಟ್ಟುಹೋಗುತ್ತದೆ. ಆಗ ಅದಕ್ಕೆ ಬೇಕಾದ್ದು ನೀರು, ಗಾಳಿ, ಒಂಚೂರು ಬೆಚ್ಚಗೆ.

ಟೈಮ್ ಆಯಿತು ಎಂದು ಸ್ಟುಡಿಯೊ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಅಲಸಂದೆ ಉಳಿಯಿತು. ಅದರ ಸಸಿಯಲ್ಲಿ ಮೊದಲು ಕಾಣುವ ಎರಡು ದಪ್ಪ ಬೇಳೆ ಸುಕ್ಕಾಗಿ ಉದುರಿದರೆ ರೋಗ ಎಂದು ಔಷಧಿ ಹೊಡೆಯಬೇಡಿ, ಬುತ್ತಿ ಮುಗಿದಿದೆ ಅಷ್ಟೇ. ನಮಸ್ಕಾರ.